53 ಸಲ ನಾಮನಿರ್ದೇಶನ, ಒಂದೂ ಪ್ರಶಸ್ತಿ ಇಲ್ಲ: ಇದ್ಯಾವ ಲೆಕ್ಕ?

ನಡುರಾತ್ರಿ_ನೋಡುಗ ಕೇಳಿದ್ದು:

ಅಮೆರಿಕದ ಟೀವಿ ಡ್ರಾಮಾ 'ಬೆಟರ್ ಕಾಲ್ ಸಾಲ್' ಈಗಷ್ಟೇ ನೋಡಿ ಮುಗಿಸಿದೆ. ಸುಮ್ನೆ ಕುತೂಹಲಕ್ಕೆ ಎಮ್ಮಿ (ಅಲ್ಲಿನ ದೊಡ್ಡ ಟೀವಿ ಪ್ರಶಸ್ತಿ) ಪಟ್ಟಿ ತೆಗೆದು ನೋಡಿದರೆ 53 ನಾಮನಿರ್ದೇಶನ, ಗೆದ್ದದ್ದು ಸೊನ್ನೆ! ಕೊನೇ ಸೀಸನ್‌ನಲ್ಲಿ ಕಿಮ್ ಏರ್‌ಪೋರ್ಟ್ ಬಸ್ಸಿನಲ್ಲಿ ಅಳುವ ದೃಶ್ಯ ನೆನಪಿದೆಯಾ? ಮೊದಲು ಮುಖ ಬಿಗಿಹಿಡಿದು ಕೂತಿರುತ್ತಾಳೆ. ಆಮೇಲೆ ತಡೆಯಲಾಗುವುದಿಲ್ಲ. ಕ್ಯಾಮೆರಾ ಮಾತ್ರ ಅಲ್ಲಿಂದ ಕದಲುವುದೇ ಇಲ್ಲ. ಕಿಮ್ ಪಾತ್ರ ಮಾಡಿದ ರಿಯಾ ಸೀಹಾರ್ನ್ ಅವರ ಅಂಥ ನಟನೆಗೂ ಎಮ್ಮಿ ಸಿಗಲಿಲ್ಲ. ಆದರೆ ಅಷ್ಟೊಂದು ಜನ ಬೈದ 'ಗೇಮ್ ಆಫ್ ಥ್ರೋನ್ಸ್' ಕೊನೇ ಸೀಸನ್‌ಗೆ 2019ರಲ್ಲಿ ಅತ್ಯುತ್ತಮ ಡ್ರಾಮಾ ಪ್ರಶಸ್ತಿ. ಟಿಆರ್‌ಪಿ, ಪ್ರಶಸ್ತಿ, ಮುಂದಿನ ಸೀಸನ್ ಇವನ್ನೆಲ್ಲ ಯಾವ ತಕ್ಕಡಿಯಲ್ಲಿ ತೂಗುತ್ತಾರೆ?

ಸೋಫಾ_ಪಂಡಿತ:

ಪ್ರಶಸ್ತಿ ಕಟ್ಟಿಕೊಂಡು ಏನು ಮಾಡ್ತೀರಿ? 'ದಿ ವೈರ್' 2002ರಿಂದ 2008ರವರೆಗೆ ಐದು ಸೀಸನ್ ಬಂತು. ಬರವಣಿಗೆಗೆ ಎರಡೇ ಎರಡು ಎಮ್ಮಿ ನಾಮನಿರ್ದೇಶನ, ಅದೂ ಗೆಲ್ಲಲಿಲ್ಲ. ಆದರೂ ಜನ ಇವತ್ತಿಗೂ ಅದನ್ನೇ ಹುಡುಕಿಕೊಂಡು ನೋಡ್ತಾರೆ.

ಹಳೇ_ರಿಮೋಟ್:

ಟಿಆರ್‌ಪಿಗೂ ಗುಣಮಟ್ಟಕ್ಕೂ ಗಂಟು ಹಾಕಬೇಡಿ ಮಾರಾಯರೆ. ಜಾಹೀರಾತು ಕೊಡುವವರಿಗೆ ಎಷ್ಟು ಜನ, ಯಾವ ವಯಸ್ಸಿನವರು ಟೀವಿ ಮುಂದೆ ಇದ್ದರು ಅಂತ ಗೊತ್ತಾಗಬೇಕು, ಅಷ್ಟೇ. ಅಮೆರಿಕದಲ್ಲಿ ನೀಲ್ಸನ್ ಕಂಪನಿ ಆರಿಸಿದ ಕೆಲವು ಮನೆಗಳಲ್ಲಿ ಮೀಟರ್ ಇಟ್ಟು ಅದರಿಂದ ಇಡೀ ದೇಶದ ಅಂದಾಜು ಹಾಕುತ್ತದೆ. ಚಾನೆಲ್‌ಗಳು ಬಹಳ ವರ್ಷ 18ರಿಂದ 49 ವಯಸ್ಸಿನವರ ಅಂಕಿಯನ್ನೇ ದೊಡ್ಡದು ಮಾಡಿದ್ದವು. ಅರವತ್ತು ದಾಟಿದವರು ಎಷ್ಟೇ ಮನಸ್ಸಿಟ್ಟು ನೋಡಲಿ, ಅವರನ್ನು ಕೇಳುವವರು ಕಮ್ಮಿ. ನನಗೆ ಇದು ಶುದ್ಧ ಅನ್ಯಾಯ ಅನಿಸುತ್ತದೆ.

ಇನ್ನು ಆ ಅಂಕಿ ಬೀಳಿಸುವುದೂ ಕೆಲವು ಸಲ ಚಾನೆಲ್‌ನವರೇ. 2002ರಲ್ಲಿ ಫಾಕ್ಸ್ ಚಾನೆಲ್ ಬಾಹ್ಯಾಕಾಶ ಹಡಗಿನ ಕಥೆ 'ಫೈರ್‌ಫ್ಲೈ'ಯ ಕಂತುಗಳನ್ನು ಹಿಂದುಮುಂದು ಮಾಡಿ ಹಾಕಿತು. ಕಥೆ ಶುರುವಾಗುವ ಮೊದಲ ಕಂತನ್ನು ಎಲ್ಲದರ ಕೊನೆಗೆ ತೋರಿಸಿದರು! ಯಾರು ಯಾರು, ಈ ಹಡಗಿನಲ್ಲಿ ಯಾಕಿದ್ದಾರೆ ಅಂತಲೇ ಗೊತ್ತಾಗದಿದ್ದರೆ ಜನ ಹೇಗೆ ಹತ್ತಿರ ಆಗ್ತಾರೆ? ತೆಗೆದದ್ದು 14 ಕಂತು, ಆಗ ತೋರಿಸಿದ್ದು 11. ಆಮೇಲೆ ನೋಡುವವರಿಲ್ಲ ಅಂತ ನಿಲ್ಲಿಸಿದರು.

ಮುಂದಿನ ಸೀಸನ್ ವಿಷಯದಲ್ಲಿ ಹಕ್ಕು ಯಾರ ಕೈಯಲ್ಲಿದೆ ಅನ್ನೋದನ್ನೂ ನೋಡಬೇಕು. 'ದಿ ಎಕ್ಸ್‌ಪ್ಯಾನ್ಸ್' ತೋರಿಸುತ್ತಿದ್ದ ಸೈಫೈ ಚಾನೆಲ್‌ಗೆ ಟೀವಿಯಲ್ಲಿ ಮೊದಲ ಪ್ರಸಾರದ ಹಕ್ಕು ಮಾತ್ರ ಇತ್ತು. ಜನ ಆಮೇಲೆ ನಿಧಾನಕ್ಕೆ ಸ್ಟ್ರೀಮಿಂಗ್‌ನಲ್ಲಿ ನೋಡಿದರೆ ಚಾನೆಲ್‌ಗೆ ಏನು ಬಂತು? 2018ರಲ್ಲಿ ಕೈಬಿಟ್ಟಿತು. ಅದನ್ನೇ ಅಮೆಜಾನ್ ಎತ್ತಿಕೊಂಡು ಇನ್ನೂ ಮೂರು ಸೀಸನ್ ಮಾಡಿತು. ಡ್ರಾಮಾ ಅದೇ, ನಟರೂ ಹೆಚ್ಚುಕಮ್ಮಿ ಅವರೇ. ಬದಲಾದದ್ದು ದುಡ್ಡು ಬರುವ ದಾರಿ.

ನಡುರಾತ್ರಿ_ನೋಡುಗ:

ಸರಿ, ಇದು ಒಪ್ಪಿದೆ. ಪ್ರಶಸ್ತಿ ಕೊಡುವವರು ಅದೇ ಕಸುಬಿನವರು ಅಲ್ವಾ? ಅವರಿಗೂ ಕಾಣಲಿಲ್ಲವೇ?

ಹಳೇ_ರಿಮೋಟ್:

ಕಾಣದೇ ಇದ್ದಿದ್ದರೆ 53 ಸಲ ಪಟ್ಟಿಗೆ ಸೇರಿಸುತ್ತಿರಲಿಲ್ಲ. ಎಮ್ಮಿಯಲ್ಲಿ ನಟರು ತಮ್ಮ ಪರವಾಗಿ ಒಂದು ಕಂತು ಆರಿಸಿ ಕಳಿಸುತ್ತಾರೆ. ಆ ಬಸ್ಸಿನ ಅಳು ನಿಮಗೆ ತಾಗಿದ್ದು ಯಾಕೆ? ಆರು ಸೀಸನ್ ಅವಳು ಎಲ್ಲ ನುಂಗಿಕೊಂಡದ್ದನ್ನು ನೀವು ನೋಡಿದ್ದೀರಿ. ಹಿಂದಿನದ್ದು ನೋಡದೆ ಮತ ಹಾಕುವವರಿಗೆ ಬಸ್ಸಿನಲ್ಲಿ ಯಾರೋ ಒಬ್ಬಳು ಅಳುತ್ತಿದ್ದಾಳೆ, ಅಷ್ಟೇ. ಅರಚಾಟ, ಸಾವು, ದೊಡ್ಡ ಭಾಷಣ ಇರುವ ಕಂತಾದರೆ ಒಂದೇ ನೋಟಕ್ಕೆ ದಕ್ಕುತ್ತದೆ. ನನ್ನ ಪ್ರಕಾರ ನಿಧಾನದ ಡ್ರಾಮಾಗಳು ಸೋಲುವುದು ಇಲ್ಲೇ.

ಹಾಗಂತ ಪ್ರಶಸ್ತಿ ದಂಡ ಅಂತಲೂ ಅನ್ನಲ್ಲ. 1981ರಲ್ಲಿ ಶುರುವಾದ 'ಹಿಲ್ ಸ್ಟ್ರೀಟ್ ಬ್ಲೂಸ್' ಮೊದಲ ಸೀಸನ್ನು ಟಿಆರ್‌ಪಿ ಪಟ್ಟಿಯ ತಳದಲ್ಲಿತ್ತು. ಎನ್‌ಬಿಸಿ ಚಾನೆಲ್ ಆದರೂ ಮುಂದುವರಿಸಿತು. ಅದೇ ವರ್ಷ 8 ಎಮ್ಮಿ ಬಂತು, ಜನರೂ ಬಂದರು, 1987ರವರೆಗೆ ಓಡಿತು.

ಸೋಫಾ_ಪಂಡಿತ:

ಈ ಎನ್‌ಬಿಸಿಯವರೇ 1968ರಲ್ಲಿ ಅಭಿಮಾನಿಗಳ ಪತ್ರಗಳ ರಾಶಿ ನೋಡಿ 'ಸ್ಟಾರ್ ಟ್ರೆಕ್' ಮುಂದುವರಿಸಿ, ಶುಕ್ರವಾರ ರಾತ್ರಿ ಹತ್ತು ಗಂಟೆಗೆ ತಳ್ಳಿದ್ದು! ಹುಡುಗರು ಮನೆಯಲ್ಲಿ ಇರದ ಹೊತ್ತು. ಮರುವರ್ಷವೇ ನಿಂತಿತು.

ನಡುರಾತ್ರಿ_ನೋಡುಗ:

'ದಿ ಎಕ್ಸ್‌ಪ್ಯಾನ್ಸ್' ಶುರು ಮಾಡಲಾ ಹಾಗಾದರೆ? ಆರೂ ಸೀಸನ್ ಮುಗಿದಿದೆ ಅನ್ನೋದೇ ನನಗೆ ಧೈರ್ಯ.

ಹಳೇ_ರಿಮೋಟ್:

ಮಾಡಿ. ಮೊದಲ ನಾಲ್ಕು ಕಂತು ತಲೆಗೆ ಹತ್ತಲ್ಲ, ಬಿಡಬೇಡಿ.