ಅಪ್‌ಡೇಟ್: ಅಮ್ಮನಿಗೆ ಟೋರಿಕ್ ಲೆನ್ಸನ್ನೇ ಹಾಕಿಸಿದೆವು

ಹೋದ ತಿಂಗಳು ಕೇಳಿದ್ದೆ: ಅಮ್ಮನ ಬಲಗಣ್ಣಿಗೆ ಪೊರೆ ಬಂದಿದೆ, ಸಿಲಿಂಡರ್ ಪವರ್ರೂ (ಕಣ್ಣಿನ ಬಾಗು ಎಲ್ಲ ಕಡೆ ಒಂದೇ ಸಮ ಇಲ್ಲದ್ದಕ್ಕೆ ಬರುವ ಪವರ್) 2.25 ಇದೆ, ಮಾಮೂಲಿ ಲೆನ್ಸ್ ಸಾಕಾ, ಜಾಸ್ತಿ ದುಡ್ಡು ಕೊಟ್ಟು ಸಿಲಿಂಡರನ್ನೂ ಸರಿ ಮಾಡುವ ಟೋರಿಕ್ ಲೆನ್ಸ್ ಹಾಕಿಸಬೇಕಾ ಅಂತ. ಟೋರಿಕ್ಕೇ ಹಾಕಿಸಿದೆವು, ಇಲ್ಲೇ ಚಿಕ್ಕಮಗಳೂರಿನಲ್ಲಿ. ಇವತ್ತಿಗೆ ಮೂರು ವಾರ.

ನಾನು ಹಳೇ ಕನ್ನಡಕದ ಚೀಟಿ ಹಿಡಿದುಕೊಂಡು ಹೋಗಿದ್ದೆ. ಅದರ ನಂಬರ್ ಮೇಲೆ ಲೆನ್ಸ್ ಆರಿಸಲ್ವಂತೆ. ಕಾರ್ನಿಯಾದ (ಕಣ್ಣಿನ ಮುಂದಿನ ಪಾರದರ್ಶಕ ಪದರ) ಬಾಗನ್ನೇ ಮೆಷಿನ್‌ನಲ್ಲಿ ಅಳೆದರು, ಅದೂ ಎರಡೆರಡು ಸಲ.

ಆಪರೇಷನ್‌ಗೆ ಮುಂಚೆ ಅಮ್ಮನನ್ನು ನೆಟ್ಟಗೆ ಕೂರಿಸಿ, ಕಪ್ಪುಗುಡ್ಡೆಯ ಅಂಚಿಗೆ ಇಂಕಿನಲ್ಲಿ ಸಣ್ಣ ಗುರುತು ಹಾಕಿದರು. ಮಲಗಿದಾಗ ಕಣ್ಣು ಚೂರು ತಿರುಗುತ್ತದೆ, ಅದಕ್ಕೇ ಕೂತಿದ್ದಾಗಲೇ ಗುರುತು. ಲೆನ್ಸ್ ಮೇಲೂ ಚುಕ್ಕಿಗಳಿರುತ್ತವೆ, ಅವನ್ನು ಸರಿಯಾದ ಕೋನಕ್ಕೆ ತಿರುಗಿಸಿ ಕೂರಿಸಬೇಕು. 10 ಡಿಗ್ರಿ ತಪ್ಪಿದರೆ ಸುಮಾರು ಮೂರನೇ ಒಂದು ಭಾಗ ಪ್ರಯೋಜನ ಹೋಯ್ತು. 30 ಡಿಗ್ರಿ ಆದರೆ ಹಾಕಿಸಿಯೂ ಹಾಕಿಸದ ಹಾಗೆ! ಇದನ್ನು ಕೇಳಿ ನನಗೇ ಕೈಕಾಲು ತಣ್ಣಗಾಗಿತ್ತು. ಅಮ್ಮ ಮಾತ್ರ "ಕಾಫಿ ಯಾವಾಗ ಕೊಡ್ತಾರೆ" ಅಂತ ಕೇಳುತ್ತಿದ್ದರು.

ಮೊನ್ನೆ ಚೆಕಪ್‌ನಲ್ಲಿ ಉಳಿದ ಸಿಲಿಂಡರ್ 0.5. ಬಸ್ ಸ್ಟ್ಯಾಂಡಿನಲ್ಲಿ ನಾನು ಕೇಳುವ ಮೊದಲೇ ದೂರದಿಂದ "ಬೇಲೂರು ಬಸ್ ಬಂತು" ಅಂದರು.

ಒಂದೇ ಬೇಜಾರು. ಹತ್ತಿರಕ್ಕೆ ಕನ್ನಡಕ ಬೇಕೇ ಬೇಕು ಅಂತ ನಮಗೆ ಮೊದಲೇ ಯಾರೂ ಬಿಡಿಸಿ ಹೇಳಲಿಲ್ಲ. ಮಾಮೂಲಿ ಲೆನ್ಸಿಗಿಂತ ಟೋರಿಕ್ ಹೆಚ್ಚಿಗೆ ಸರಿ ಮಾಡುವುದು ಸಿಲಿಂಡರ್ ಪವರನ್ನು ಅಷ್ಟೇ. ಅಕ್ಕಿ ಆರಿಸೋಕೆ ಕೂತರೆ ಈಗಲೂ ಕನ್ನಡಕ ಹುಡುಕುತ್ತಾರೆ.

ಎಡಗಣ್ಣಿನದು ದೀಪಾವಳಿ ಕಳೆದ ಮೇಲೆ.