ಹನ್ನೊಂದನೇ ಕ್ಲಾಸಿಗೆ ಐದು ಎಪಿ: ಮಗ ಬೇಕು ಅಂತಾನೆ, ನನಗೆ ಭಯ

ಬೆಣ್ಣೆದೋಸೆ_ಅಮ್ಮ (ಸ್ಯಾನ್ ರಮೋನ್, ಕ್ಯಾಲಿಫೋರ್ನಿಯಾ):

ಎಲ್ಲರಿಗೂ ನಮಸ್ಕಾರ. ಮಗ ಈಗ ಹತ್ತನೇ ಕ್ಲಾಸು. ಮುಂದಿನ ವರ್ಷ ಏನೇನು ಓದುತ್ತಾನೆ ಅಂತ ಬರೆದುಕೊಡುವ ಫಾರಂ ಈ ಶುಕ್ರವಾರದೊಳಗೆ ಸ್ಕೂಲಿಗೆ ಹೋಗಬೇಕು. ಅವನು ಐದು ಎಪಿ, ಅಂದರೆ ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್ ಎಂಬ, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸುಗಳನ್ನು ಬರೆದಿಟ್ಟಿದ್ದಾನೆ: ಕ್ಯಾಲ್ಕುಲಸ್ ಬಿಸಿ (BC, ಎರಡು ಹಂತಗಳಲ್ಲಿ ದೊಡ್ಡದು), ಫಿಸಿಕ್ಸ್ 1, ಕೆಮಿಸ್ಟ್ರಿ, ಅಮೆರಿಕದ ಇತಿಹಾಸ, ಕಂಪ್ಯೂಟರ್ ಸೈನ್ಸ್ ಎ. ಫಾರಂ ಫ್ರಿಜ್ ಮೇಲೆ ಮ್ಯಾಗ್ನೆಟ್ ಕೆಳಗಿದೆ. ಹಾಲು ತೆಗೆಯಲು ಹೋದಾಗಲೆಲ್ಲ ಅದೇ ಕಣ್ಣಿಗೆ ಬೀಳುತ್ತದೆ.

ನಾನು ದಾವಣಗೆರೆಯಲ್ಲಿ ಪಿಯುಸಿ ಓದಿದವಳು. ಪಿಸಿಎಂಬಿ, ಸಿಇಟಿ, ರ‍್ಯಾಂಕ್, ಸೀಟು. ಅಲ್ಲಿಗೆ ಮುಗಿಯಿತು. ಇಲ್ಲಿ ಎಪಿ ಕ್ಲಾಸಿನ ಗ್ರೇಡ್ ಬೇರೆ, ಮೇ ತಿಂಗಳ ಪರೀಕ್ಷೆಯ ಸ್ಕೋರ್ ಬೇರೆ. ಆ ಸ್ಕೋರ್ 1ರಿಂದ 5ರವರೆಗೆ, ಬರುವುದು ಜುಲೈಯಲ್ಲಿ. ಇಷ್ಟು ತಲೆಗೆ ಹೋಗಲು ನನಗೆ ಒಂದು ವರ್ಷ ಹಿಡಿಯಿತು.

ಈ ವರ್ಷ ಅವನಿಗೆ ಇರುವುದು ಒಂದೇ ಎಪಿ, ವಿಶ್ವ ಇತಿಹಾಸ. ಅದಕ್ಕೇ ರಾತ್ರಿ 12ರವರೆಗೆ ಎಚ್ಚರ. ಮೊದಲ ಸೆಮಿಸ್ಟರ್‌ನಲ್ಲಿ ಬಿ ಬಂತು. ಊರಿಂದ ಮಾವನವರು ಫೋನ್ ಮಾಡಿ "ಬಿ ಅಂದ್ರೆ ಎಷ್ಟು ಪರ್ಸೆಂಟಮ್ಮ?" ಎಂದರು. 85 ಎಂದೆ. "ಡಿಸ್ಟಿಂಕ್ಷನ್ ಅಲ್ವಾ!" ಎಂದು ಅಲ್ಲಿ ಪಕ್ಕದ ಮನೆಗೆಲ್ಲ ಪೇಡ ಹಂಚಿದ್ದಾರೆ. ಇಲ್ಲಿ ನಮ್ಮ ಮನೆಯಲ್ಲಿ ಮಾತ್ರ ಸೂತಕ.

ಐದು ತಗೊಂಡು ಎರಡರಲ್ಲಿ ಬಿ ಬರುವುದು ಮೇಲೋ, ಮೂರು ತಗೊಂಡು ಮೂರರಲ್ಲೂ ಎ ಬರುವುದು ಮೇಲೋ? ಕ್ಲಾಸಿಗೆ ಸೇರಿದರೆ ಪರೀಕ್ಷೆ ಬರೆಯಲೇಬೇಕಾ? ಒಂದಕ್ಕೆ ಸುಮಾರು 100 ಡಾಲರ್ ಬೇರೆ. ಅವನ ಕಣ್ಣಿರುವುದು ಯುಸಿ, ಅಂದರೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ ಕ್ಯಾಂಪಸ್‌ಗಳ ಮೇಲೆ. ದಯವಿಟ್ಟು "ಮಗುವಿನ ಖುಷಿ ಮುಖ್ಯ" ಅಂತ ಮಾತ್ರ ಬರೆಯಬೇಡಿ. ಅದು ನನಗೂ ಗೊತ್ತು.

ಮಲೆನಾಡು_ಮಳೆ (ಅರ್ವೈನ್):

ಮೇಡಂ, ನನ್ನ ಮಗಳು ಹೋದ ವರ್ಷ ಅರ್ಜಿ ಹಾಕಿದಳು. ಗಾಯ ಇನ್ನೂ ಹಸಿಯಾಗಿದೆ, ಹಾಗಾಗಿ ಬರೆಯುತ್ತೇನೆ.

ಮೊದಲು ಕ್ಯಾಲೆಂಡರ್ ಹಿಡಿದು ಕೂತುಕೊಳ್ಳಿ. ಯುಸಿ ಅರ್ಜಿ ಕಳಿಸುವುದು ಹನ್ನೆರಡನೇ ಕ್ಲಾಸಿನ ನವೆಂಬರ್ ಹೊತ್ತಿಗೆ. ಆ ವರ್ಷದ ಎಪಿ ಪರೀಕ್ಷೆಗಳ ಸ್ಕೋರ್ ಬರುವುದು ಮುಂದಿನ ಜುಲೈಯಲ್ಲಿ. ಅಷ್ಟರಲ್ಲಿ ಸೀಟು ಸಿಕ್ಕಿ, ಡಾರ್ಮ್‌ಗೆ ಬೆಡ್‌ಶೀಟ್ ಕೊಂಡು ಆಗಿರುತ್ತದೆ. ಅರ್ಜಿಯಲ್ಲಿ ತೋರಿಸಲು ಸಿಗುವುದು ಹನ್ನೊಂದರವರೆಗಿನ ಸ್ಕೋರ್ ಮಾತ್ರ. ಅದಕ್ಕೇ ಎಲ್ಲರೂ ಹನ್ನೊಂದನೇ ಕ್ಲಾಸಿಗೆ ಎಲ್ಲವನ್ನೂ ತುರುಕುತ್ತಾರೆ. ನಾವೂ ತುರುಕಿದೆವು.

ಈಗ ಯುಸಿ ಜಿಪಿಎ, ಅಂದರೆ ಗ್ರೇಡ್ ಪಾಯಿಂಟ್‌ಗಳ ಸರಾಸರಿ. ಹತ್ತು ಮತ್ತು ಹನ್ನೊಂದರ ಗ್ರೇಡ್ ಅಷ್ಟೇ ಲೆಕ್ಕ. ಎಪಿ ಕ್ಲಾಸಿನಲ್ಲಿ ಎ ಬಂದರೆ 4ರ ಬದಲು 5, ಬಿ ಬಂದರೆ 3ರ ಬದಲು 4. ಈ ಒಂದು ಪಾಯಿಂಟ್ ಸಿಗುವುದು ಕ್ಲಾಸಿನ ಗ್ರೇಡಿಗೆ, ಮೇ ಪರೀಕ್ಷೆಗಲ್ಲ. ಅದಕ್ಕೂ ಮಿತಿ ಇದೆ, ಎಂಟು ಸೆಮಿಸ್ಟರ್. ವರ್ಷಪೂರ್ತಿಯ ಒಂದು ಎಪಿ ಎಂದರೆ ಎರಡು ಸೆಮಿಸ್ಟರ್, ಆಗ ನಾಲ್ಕು ಎಪಿಗೆ ಕೋಟಾ ಖಾಲಿ. ವಿಶ್ವ ಇತಿಹಾಸದಲ್ಲಿ ಒಂದು ಹೋಯಿತು, ಉಳಿದದ್ದು ಮೂರು. ಐದು ತಗೊಂಡರೆ ಕೊನೆಯ ಎರಡಕ್ಕೆ ಈ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ. ಅರ್ಜಿ ಓದುವವರು ಅವನ್ನೂ ನೋಡುತ್ತಾರೆ, ಇಲ್ಲ ಎನ್ನುವುದಿಲ್ಲ. ಆದರೆ ಯುಸಿ ಎಸ್‌ಎಟಿ ಪ್ರವೇಶ ಪರೀಕ್ಷೆಯನ್ನು ನೋಡುವುದೇ ಇಲ್ಲವಾದ್ದರಿಂದ ಗ್ರೇಡಿಗೆ ತೂಕ ಜಾಸ್ತಿ.

ನಮ್ಮ ಮಗಳಿಗೆ ಫಿಸಿಕ್ಸ್, ಕೆಮಿಸ್ಟ್ರಿ ಎರಡೂ ಒಟ್ಟಿಗೆ ಹಾಕಿಸಿದೆವು. ಎರಡಕ್ಕೂ ಲ್ಯಾಬ್ ರಿಪೋರ್ಟ್, ಎರಡೂ ಭಾನುವಾರ ರಾತ್ರಿ. ಕೆಮಿಸ್ಟ್ರಿಯಲ್ಲಿ ಸಿ ಬಂತು. ಅವಳು ಈಗ ಓದುತ್ತಿರುವುದು ಅರ್ಥಶಾಸ್ತ್ರ!

ಅಂದಹಾಗೆ, ನಿಮ್ಮ ಮಗನ ಆ ಬಿ ಯುಸಿ ಲೆಕ್ಕದಲ್ಲಿ 4. ಸೂತಕ ಕಳೆಯಿರಿ.

ಡೇವಿಸ್_ಹುಡುಗ:

ಆಂಟಿ, ನಾನು ಯುಸಿಯಲ್ಲಿ ಎರಡನೇ ವರ್ಷ. ನನ್ನ ಕನ್ನಡ ಅಷ್ಟಕ್ಕಷ್ಟೆ, ಅಮ್ಮ ತಿದ್ದಿದ್ದಾರೆ.

ಪರೀಕ್ಷೆ ಬರೆಯಲೇಬೇಕು ಅಂತ ಯುಸಿ ಹೇಳುವುದಿಲ್ಲ. ಕೆಲವು ಸ್ಕೂಲ್‌ಗಳು ಹೇಳುತ್ತವೆ, ಕೌನ್ಸೆಲರ್‌ನ ಕೇಳಿ. ಹೆಸರು ಕೊಡಲು ನವೆಂಬರ್ ಮಧ್ಯದವರೆಗೆ ಸಮಯ ಇರುತ್ತದೆ, ಆಮೇಲೆ ಲೇಟ್ ಫೀ. ಅಷ್ಟರಲ್ಲಿ ಮೂರು ನಾಲ್ಕು ಟೆಸ್ಟ್ ಆಗಿರುತ್ತದೆ, ನೋಡಿಕೊಂಡು ದುಡ್ಡು ಕಟ್ಟಿ.

ಕ್ಯಾಲ್ಕುಲಸ್ ಬಿಸಿ ಮಾತ್ರ ಬಿಡಬೇಡಿ. ನನಗೆ 5 ಬಂತು, ಕಾಲೇಜಿನಲ್ಲಿ ಮೊದಲ ಕ್ಯಾಲ್ಕುಲಸ್ ಕೋರ್ಸ್‌ಗಳು ತಪ್ಪಿದವು. ಯುಸಿಯಲ್ಲಿ 3 ಬಂದರೂ ಯೂನಿಟ್ (ಡಿಗ್ರಿಗೆ ಲೆಕ್ಕವಾಗುವ ಕ್ರೆಡಿಟ್) ಕೊಡುತ್ತಾರೆ, ಆದರೆ ಯಾವ ಕೋರ್ಸ್ ಬಿಡಬಹುದು ಅನ್ನುವುದು ಕ್ಯಾಂಪಸ್ ಮತ್ತು ಮೇಜರ್ (ಮುಖ್ಯ ವಿಷಯ) ಮೇಲೆ. ಎಲ್ಲ ಕಡೆ ಹೀಗಲ್ಲ. ಕ್ಯಾಲ್‌ಟೆಕ್ ಎಪಿಗೆ ಕ್ರೆಡಿಟ್ ಕೊಡುವುದೇ ಇಲ್ಲ.

ಇನ್ನೊಂದು. ಈಗ ಪರೀಕ್ಷೆ ಬ್ಲೂಬುಕ್ ಆ್ಯಪ್‌ನಲ್ಲಿ. ಕಂಪ್ಯೂಟರ್ ಸೈನ್ಸ್ ಎ ಪೂರ್ತಿ ಅದರಲ್ಲೇ, ಜಾವಾ ಕೋಡ್ ಕೂಡ ಟೈಪ್ ಮಾಡಬೇಕು. ಕ್ಯಾಲ್ಕುಲಸ್‌ನಲ್ಲಿ ಆಬ್ಜೆಕ್ಟಿವ್ ಪ್ರಶ್ನೆ ಲ್ಯಾಪ್‌ಟಾಪ್‌ನಲ್ಲಿ, ಬಿಡಿಸುವ ಲೆಕ್ಕ ಪೇಪರ್ ಮೇಲೆ. ಚಾರ್ಜ್ ಮಾಡಿಕೊಂಡು ಹೋಗಲು ಹೇಳಿ. ನನ್ನ ತಂಗಿ ಮರೆತಿದ್ದಳು, ಸಾಕೆಟ್ ಹುಡುಕುತ್ತಾ ಅತ್ತುಬಿಟ್ಟಳು.

ಜಯನಗರ_ಅಪ್ಪ (ಬೆಂಗಳೂರು):

ನಿಮ್ಮ ಸಮಸ್ಯೆ ನಮಗೆ ಉಲ್ಟಾ. ಮಗಳು ಇಲ್ಲೇ ಪಿಯು ಓದಿ ಅಮೆರಿಕಕ್ಕೆ ಅರ್ಜಿ ಹಾಕಿದವಳು. ಅವಳಿಗೆ ಎಪಿ ಕ್ಲಾಸೇ ಇರಲಿಲ್ಲ, ಪರೀಕ್ಷೆ ಮಾತ್ರ. ಗ್ರೇಡ್ ಇಲ್ಲದ ಮೇಲೆ ಆ ಸ್ಕೋರೇ ಗತಿ. ಹೊರಗಿನ ಮಕ್ಕಳಿಗೆ ಪರೀಕ್ಷೆ ಬರೆಯಲು ಬಿಡುವ ಸ್ಕೂಲ್ ಹುಡುಕಲು ಐದು ಕಡೆ ಫೋನ್ ಮಾಡಿದೆ. ಒಂದು ಕಡೆ "ಎಪಿ ಅಂದ್ರೆ ಎಪಿಎಂಸಿನಾ ಸಾರ್?" ಎಂದರು. ಫೀ ನಿಮ್ಮಲ್ಲಿಗಿಂತ ಜಾಸ್ತಿ.

ಕ್ಯಾಲ್ಕುಲಸ್ ಬಿಸಿಗೆ ಪಿಯು ಗಣಿತ ಚೆನ್ನಾಗಿ ಕೈ ಹಿಡಿಯುತ್ತದೆ, ಇಂಟಿಗ್ರೇಷನ್‌ನಲ್ಲಂತೂ ನಮ್ಮ ಮಕ್ಕಳು ಗಟ್ಟಿ. ಆದರೆ ಟೇಲರ್ ಸರಣಿ ಪಿಯುನಲ್ಲಿ ಇಲ್ಲ. ಏಪ್ರಿಲ್ ಪೂರ್ತಿ ಅದಕ್ಕೇ ಹೋಯಿತು.

ಬೆಣ್ಣೆದೋಸೆ_ಅಮ್ಮ:

ಎಲ್ಲರಿಗೂ ಧನ್ಯವಾದ. ನಿನ್ನೆ ರಾತ್ರಿ ಊಟದ ಟೇಬಲ್ ಮೇಲೆ ಎಂಟು ಸೆಮಿಸ್ಟರ್ ಲೆಕ್ಕ ಬರೆದು ತೋರಿಸಿದೆ. ಕೆಮಿಸ್ಟ್ರಿಯನ್ನು ಅವನೇ ಹೊಡೆದುಹಾಕಿದ. ಫಿಸಿಕ್ಸ್‌ಗೆ ಅರ್ಧ ಗಂಟೆ ಜಗಳ. ಕೊನೆಗೆ ಅದನ್ನು ಹನ್ನೆರಡಕ್ಕೆ ತಳ್ಳಿದ್ದೇವೆ. ಇತಿಹಾಸದ ಪರೀಕ್ಷೆ ಬರೆಯುವುದೋ ಬೇಡವೋ ನವೆಂಬರ್‌ನಲ್ಲಿ ನೋಡೋಣ ಅಂತ ಒಪ್ಪಂದ.

ಆಮೇಲೆ ಮಾವನವರಿಗೆ ಫೋನ್ ಮಾಡಿ, ಆ ಬಿಗೆ 4 ಸಿಗುತ್ತದಂತೆ ಎಂದೆ. ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ ಮೆಲ್ಲಗೆ ಕೇಳಿದರು: "ನೂರಕ್ಕೆ ನಾಲ್ಕಾ?"