1980ರ ದಶಕದ ಸೀಸದ ಗಾಬ್ಲಿನ್‌ಗಳಿಗೆ ಮತ್ತೆ ಬಣ್ಣ ಹಚ್ಚುವ ಬಗ್ಗೆ ಸಲಹೆ ಬೇಕು

ಅಟ್ಟದ ಪೆಟ್ಟಿಗೆ:
ಎಲ್ಲರಿಗೂ ನಮಸ್ಕಾರ. ತಂದೆಯವರ ಕೆಲಸದ ನಿಮಿತ್ತ 1986ರಿಂದ ನಾಲ್ಕು ವರ್ಷ ನಾವು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿದ್ದೆವು. ಆಗ ನಾನೂ ಅಕ್ಕನೂ ಕೈಖರ್ಚಿನ ಹಣ ಕೂಡಿಸಿಟ್ಟು ಮೇಜಿನ ಮೇಲೆ ಆಡುವ ಯುದ್ಧದಾಟಗಳಿಗೆಂದು ಸಿಟಾಡೆಲ್ ಕಂಪನಿ ಮಾಡುತ್ತಿದ್ದ ಪುಟ್ಟ ಲೋಹದ ಗೊಂಬೆಗಳನ್ನು ಕೊಳ್ಳುತ್ತಿದ್ದೆವು. ಹೆಬ್ಬೆರಳಿನಷ್ಟೂ ಎತ್ತರವಿಲ್ಲದ ಇಪ್ಪತ್ತಮೂರು ಗಾಬ್ಲಿನ್‌ಗಳು (ಪಾಶ್ಚಾತ್ಯ ಕಥೆಗಳ ಕುಬ್ಜ ಪಿಶಾಚಿಗಳು), ಇಬ್ಬರು ಕುಳ್ಳ ಯೋಧರು ಮತ್ತು ಒಬ್ಬ ಮಾಂತ್ರಿಕ, ಮೈಸೂರಿನ ನಮ್ಮ ಮನೆಯ ಅಟ್ಟದ ಮರದ ಪೆಟ್ಟಿಗೆಯಲ್ಲಿ ಕಳೆದ ತಿಂಗಳು ಸಿಕ್ಕರು. ಗಾಬ್ಲಿನ್‌ಗಳಿಗೆ ನಾನು ಹಂಬ್ರಾಲ್ ಎನಾಮಲ್ ಬಣ್ಣವನ್ನು ಎಷ್ಟು ದಪ್ಪವಾಗಿ ಬಳಿದಿದ್ದೆನೆಂದರೆ ಹಲವುಗಳ ಕಣ್ಣುಗಳೇ ಮುಚ್ಚಿಹೋಗಿವೆ. ಮಾಂತ್ರಿಕನ ನೀಲಿ ನಿಲುವಂಗಿಗೆ ಬಣ್ಣ ಹಚ್ಚಿದವಳು ಅಕ್ಕ. ಕೆಲವು ಗೊಂಬೆಗಳ ಮೇಲೆ ವಿಭೂತಿಯಂತಹ ಬಿಳಿ ಪುಡಿ ಕಾಣಿಸಿಕೊಂಡಿದೆ. ಹಳೆಯ ಬಣ್ಣವನ್ನು ತೆಗೆದು, ಅಂದಿನ ಶೈಲಿಯಲ್ಲಿಯೇ ಮತ್ತೆ ಬಣ್ಣ ಹಚ್ಚಬೇಕೆಂಬುದು ನನ್ನ ಆಸೆ. ಎಲ್ಲಿಂದ ಆರಂಭಿಸಬೇಕು?

ಲೋಹಪರಿಚಯ:
ಮೊದಲು ಆ ಬಿಳಿ ಪುಡಿಯ ವಿಚಾರ, ಏಕೆಂದರೆ ಉಳಿದೆಲ್ಲ ಕೆಲಸಕ್ಕಿಂತ ಅದು ತುರ್ತಿನದು. ಸಿಟಾಡೆಲ್ ಗೊಂಬೆಗಳು 1997ರಲ್ಲಿ ಸೀಸವಿಲ್ಲದ ಲೋಹಕ್ಕೆ ಬದಲಾದವು. ನಿಮ್ಮವು ಅದಕ್ಕೂ ಹಿಂದಿನವಾದ್ದರಿಂದ ಅವುಗಳಲ್ಲಿ ಸೀಸವಿದೆ. ಮರ ಮತ್ತು ರಟ್ಟು ನಿಧಾನವಾಗಿ ಬಿಡುವ ಅಸಿಟಿಕ್ ಆಮ್ಲದ ಆವಿ, ಮುಚ್ಚಿದ ಪೆಟ್ಟಿಗೆಯೊಳಗೆ ತೇವದೊಡನೆ ಸೇರಿ ಸೀಸವನ್ನು ತಿನ್ನುತ್ತದೆ. ಹಾಗೆ ಉಂಟಾಗುವ ಸೀಸದ ಕಾರ್ಬೊನೇಟೇ ಆ ಪುಡಿ. ಅದು ವಿಷಕಾರಿ. ಕೈಗವಸು ಹಾಕಿಕೊಂಡು, ಗೊಂಬೆಯನ್ನು ನೀರಿನಲ್ಲಿ ನೆನೆಸಿಟ್ಟೇ ಮೃದುವಾದ ಬ್ರಷ್‌ನಿಂದ ಉಜ್ಜಿರಿ. ಒಣಗಿದ್ದಾಗ ಕೆರೆಯಬೇಡಿ, ಉಪ್ಪುಕಾಗದ ಹಾಕಬೇಡಿ. ಹಿತ್ತಾಳೆಯ ದೀಪ ಬೆಳಗುವ ಅಭ್ಯಾಸದಲ್ಲಿ ಹುಣಸೆಹಣ್ಣನ್ನೋ ನಿಂಬೆಯನ್ನೋ ವಿನೆಗರನ್ನೋ ಮುಟ್ಟಿಸಲೇಬೇಡಿ. ಹುಳಿ ಸೀಸಕ್ಕೆ ಶತ್ರು.

ಎನಾಮಲ್ ತೆಗೆಯಲು ಗೊಂಬೆಯನ್ನು ಅಸಿಟೋನ್‌ನಲ್ಲಿ ಮುಚ್ಚಳವಿರುವ ಗಾಜಿನ ಸೀಸೆಯೊಳಗೆ ಒಂದು ರಾತ್ರಿ ಇಟ್ಟು, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಬಹುದು. ಆದರೆ ಅದಕ್ಕೆ ಮೊದಲು ಪ್ಲಾಸ್ಟಿಕ್ ಬೇಸನ್ನು ಕಡ್ಡಾಯವಾಗಿ ಬಿಡಿಸಿ, ಇಲ್ಲವಾದರೆ ಅದು ಕರಗಿಹೋಗುತ್ತದೆ. ಈ ಕೆಲಸವನ್ನು ಒಲೆಯಿಂದ ದೂರ, ಗಾಳಿಯಾಡುವ ಕಡೆ ಮಾಡಬೇಕು. ಬೇಸ್ ಬಿಡಿಸಿದಾಗ, ಅದರ ಸೀಳಿನೊಳಗೆ ಕೂರುವ ಕಾಲಡಿಯ ಲೋಹದ ಪಟ್ಟಿಯನ್ನು ತಪ್ಪದೆ ನೋಡಿ. ಅಚ್ಚಿನ ವರ್ಷವನ್ನು ಹಲವು ಸಲ ಅದರ ಮೇಲೆಯೇ ಮೂಡಿಸಿರುತ್ತಾರೆ. ಮರಳಿ ಮರದ ಪೆಟ್ಟಿಗೆಯಲ್ಲಿ ಮಾತ್ರ ಇಡಬೇಡಿ.

ಕುಂಚಪ್ರಿಯ:
ಲೋಹದ ವಿಚಾರವನ್ನು ಮೇಲಿನವರು ಹೇಳಿದ್ದಾರೆ, ನಾನು ಬಣ್ಣದ ವಿಚಾರ ಹೇಳುತ್ತೇನೆ. ಇಂದು ಮಾಸಲು ಬಣ್ಣ, ತುಕ್ಕು, ಕೆಸರು ಇವೇ ಮೆಚ್ಚುಗೆ ಪಡೆಯುತ್ತವೆ. ಎಂಬತ್ತರ ದಶಕದ ಗೊಂಬೆಯ ಸೊಗಸು ಬೇರೆ: ಕೆಂಪು ಕೆಂಪಾಗಿಯೇ, ಹಳದಿ ಹಳದಿಯಾಗಿಯೇ ಮೇಜಿನಾಚೆಯಿಂದ ಕಣ್ಣಿಗೆ ಹೊಡೆಯಬೇಕು. ಅದಕ್ಕಾಗಿಯೇ ಆಗ ಬಿಳಿ ಪ್ರೈಮರ್ (ಬಣ್ಣ ಹಿಡಿಯಲೆಂದು ಮೊದಲು ಬಳಿಯುವ ಪದರ) ಹೆಚ್ಚಾಗಿ ಬಳಕೆಯಲ್ಲಿತ್ತು. ಮಳೆಗಾಲದ ತೇವದಲ್ಲಿ ಸ್ಪ್ರೇ ಪ್ರೈಮರ್ ಮಂಜು ಕವಿದಂತೆ ಒರಟಾಗಿ ಕೂರುವುದರಿಂದ ಕುಂಚದಿಂದಲೇ ಬಳಿಯಿರಿ.

ಗಾಬ್ಲಿನ್ ಚರ್ಮಕ್ಕೆ ನೀರು ಬೆರೆಸಿದ ಹಸಿರನ್ನು ಎರಡು ತೆಳು ಪದರಗಳಲ್ಲಿ ಹಚ್ಚಿ, ಒಣಗಿದ ಮೇಲೆ ಕಡುಹಸಿರು ಶಾಯಿಯನ್ನು ಹರಿಯಬಿಡಿ. ಸಿಟಾಡೆಲ್‌ಗಾಗಿ ಗೊಂಬೆಗಳನ್ನು ರೂಪಿಸಿದ ಶಿಲ್ಪಿ ಕೆವ್ ಆಡಮ್ಸ್ ಕಡೆದ ಗಾಬ್ಲಿನ್‌ಗಳಾಗಿದ್ದರೆ ನೀವು ಪುಣ್ಯವಂತರು; ಆ ದಪ್ಪ ಮೂಗು, ಹಲ್ಲುಕಿರಿದ ಬಾಯಿ, ಸುಕ್ಕುಗಳೊಳಗೆ ಶಾಯಿ ತಾನಾಗಿ ಹೋಗಿ ನಿಲ್ಲುತ್ತದೆ. ಬಳಿಕ ಮೂಗಿನ ತುದಿ, ಗಲ್ಲ, ಬೆರಳ ಗೆಣ್ಣುಗಳಿಗೆ ಹಸಿರಿಗೆ ಹಳದಿ ಬೆರೆಸಿ ಹಚ್ಚಿ. ಬಿಳಿ ಬೆರೆಸಿದರೆ ಸುಣ್ಣ ಬಳಿದಂತಾಗುತ್ತದೆ. ತೀರ ಸಣ್ಣ ಕುಂಚದ ಬೆನ್ನು ಹತ್ತಬೇಡಿ. ತುದಿ ಚೂಪಾಗಿರುವ 1ನೇ ನಂಬರಿನ ಕುಂಚ ಹೆಚ್ಚು ಬಣ್ಣ ಹಿಡಿಯುವುದರಿಂದ ಕಣ್ಣು ಬರೆಯಲೂ ಅದೇ ಮೇಲು. ಅದರ ತುದಿಯನ್ನು ಬಾಯಿಯಲ್ಲಿ ಚೂಪು ಮಾಡುವ ಚಟವಿದ್ದರೆ ಈಗಲೇ ಬಿಡಿ.

ಮಾಂತ್ರಿಕನನ್ನು ಮಾತ್ರ ಮುಟ್ಟಬೇಡಿ ಎಂದು ಕೇಳಿಕೊಳ್ಳುತ್ತೇನೆ. ಧೂಳು ತೆಗೆದು ಒಂದು ಪದರ ಮ್ಯಾಟ್ ವಾರ್ನಿಶ್ ಹಚ್ಚಿದರೆ ಸಾಕು. ಗಾಬ್ಲಿನ್‌ಗಳ ಬಣ್ಣವನ್ನು ನೀವು ಮತ್ತೆ ಹಚ್ಚಬಲ್ಲಿರಿ, ನಿಮ್ಮ ಅಕ್ಕ ಹುಡುಗಿಯಾಗಿದ್ದಾಗ ಹಚ್ಚಿದ ನೀಲಿಯನ್ನಲ್ಲ.

ಅಟ್ಟದ ಪೆಟ್ಟಿಗೆ:
ಇಬ್ಬರಿಗೂ ಧನ್ಯವಾದಗಳು. ಮೂರು ಗಾಬ್ಲಿನ್‌ಗಳ ಬಣ್ಣ ತೆಗೆದೆ. ಒಂದರ ಕಾಲಡಿಯಲ್ಲಿ 1985 ಎಂದಿದೆ, ಮತ್ತು ಇಷ್ಟು ವರ್ಷ ಬೆಲ್ಟ್ ಎಂದುಕೊಂಡಿದ್ದು ಸೊಂಟಕ್ಕೆ ಕಟ್ಟಿಕೊಂಡ ಇಲಿಯೆಂದು ಈಗ ತಿಳಿಯಿತು. ಮಾಂತ್ರಿಕನ ಚಿತ್ರವನ್ನು ಅಕ್ಕನಿಗೆ ಕಳುಹಿಸಿದೆ. ಅವನ ಟೋಪಿಯ ನಕ್ಷತ್ರಗಳನ್ನು ಬೆಂಕಿಕಡ್ಡಿಯ ತುದಿಯಿಂದ ಇಟ್ಟಿದ್ದಾಗಿ ಅವಳು ಬರೆದಿದ್ದಾಳೆ. ಅವನು ಹಾಗೆಯೇ ಇರುತ್ತಾನೆ.